ಕತ್ತಿ ಹಿಡಿದವರನ್ನು ಕಾಣದ ಕಾನೂನು

ಆಳಂದ ತಾಲ್ಲೂಕಿನ ಭೂಸನೂರಿನಲ್ಲಿ ಸಕ್ಕರೆ ಕಾರ್ಖಾನೆ ಕಬ್ಬು ನುರಿಸಲು ಶುರುಮಾಡುವ ಹೊತ್ತಿಗೆ ಸುತ್ತಲಿನ ಹೊಲಗಳಲ್ಲಿ ಕಡಿಯುವ ಟೋಳಿಗಳು ಬೀಡುಬಿಟ್ಟಿರುತ್ತವೆ. ಗಂಡ ಕಡಿಯುತ್ತಾನೆ, ಹೆಂಡತಿ ರವದಿ ಸುಲಿದು ಕಟ್ಟು ಕಟ್ಟುತ್ತಾಳೆ. ಆಮೇಲೆ ಹೊರೆ ಹೊತ್ತು, ಟ್ರೇಲರಿಗೆ ಒರಗಿಸಿದ ಹಲಗೆ ಏರಬೇಕು. ಕತ್ತಿ ಕಾಲಿಗೆ ಬೀಳಬಹುದು, ರವದಿಯೊಳಗೆ ಹಾವಿರಬಹುದು, ಹಲಗೆ ಜಾರಿದರೆ ಸೊಂಟ ಹೋಗಬಹುದು. ಕೆಲಸದಲ್ಲಿ ಗಾಯಗೊಂಡವರಿಗೆ ಪರಿಹಾರ ಕೊಡಿಸುವ ನಮ್ಮ ಕಾನೂನನ್ನು ಈ ಹೊಲದಲ್ಲಿ ನಿಂತು ಓದಿದರೆ ಅದರ ಬಲವೂ ಕಾಣುತ್ತದೆ, ಕುರುಡೂ ಕಾಣುತ್ತದೆ.

ಬಲ ಸಣ್ಣದಲ್ಲ. ಈ ಪರಿಹಾರದ 1923ರ ಕಾಯ್ದೆ ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಆ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಮಾಲೀಕನ ತಪ್ಪನ್ನು ಸಾಬೀತು ಮಾಡುವ ಹೊರೆಯನ್ನು ಗಾಯಾಳುವಿನ ಮೇಲೆ ಹೇರದ ಕಾನೂನು ಇದು. ಪರಿಹಾರದ ಹಣವನ್ನು ಸಾಲಕ್ಕೆ ಮುರಿದುಕೊಳ್ಳುವಂತಿಲ್ಲ ಎಂದೂ ಹೇಳುತ್ತದೆ. ಟೋಳಿಯನ್ನು ಕರೆತರುವ ಗುತ್ತಿಗೆದಾರ ಮುಕಾದಮನಿಂದ ಮುಂಗಡ ಪಡೆದು ಊರು ಬಿಟ್ಟು ಬಂದವರಿಗೆ ಈ ಒಂದು ಮಾತೇ ದೊಡ್ಡ ಆಸರೆ. ನ್ಯಾಯಾಲಯವೂ ಈ ಕಾನೂನನ್ನು ಉದಾರವಾಗಿ ಓದಿದ್ದುಂಟು. ಎಡಗೈ ಕಳೆದುಕೊಂಡ ಬಡಗಿಯೊಬ್ಬನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1975ರಲ್ಲೇ, ಒಂದೇ ಕೈಯಲ್ಲಿ ಬಡಗಿ ಕೆಲಸ ಆಗದು, ಆದ್ದರಿಂದ ಇದು ಪೂರ್ಣ ಅಂಗವೈಕಲ್ಯ ಎಂದಿತು. ಕಬ್ಬು ಕಡಿಯುವವನ ಕೈಗೂ ಇದೇ ಅಳತೆ ಸಲ್ಲಬೇಕು.

ಆದರೆ ಅವನು ಈ ಕಾನೂನಿನ ಬಾಗಿಲು ದಾಟುತ್ತಾನೆಯೇ? ಯಾರು ಇದರ ವ್ಯಾಪ್ತಿಗೆ ಬರುತ್ತಾರೆ ಎಂಬುದಕ್ಕೆ ಒಂದು ಪಟ್ಟಿಯಿದೆ. ಅದರಲ್ಲಿ ಬೇಸಾಯವೆಂದರೆ ಟ್ರ್ಯಾಕ್ಟರ್ ಅಥವಾ ಯಂತ್ರದಿಂದ ಮಾಡುವ ಬೇಸಾಯ. ಮೋಟಾರು ವಾಹನಕ್ಕೆ ಸರಕು ಹೇರುವವರೂ ಪಟ್ಟಿಯಲ್ಲಿದ್ದಾರೆ. ಹಾಗಾಗಿ ಬೆಳಿಗ್ಗೆ ಕತ್ತಿ ಹಿಡಿದು ಕಡಿಯುವಾಗ ಹಾವು ಕಚ್ಚಿದರೆ ಹಕ್ಕಿಗಾಗಿ ವಾದಿಸಬೇಕು. ಅದೇ ಮನುಷ್ಯ ಸಂಜೆ ಟ್ರೇಲರಿಗೆ ಹೊರೆ ಏರಿಸುವಾಗ ಬಿದ್ದರೆ ಪಟ್ಟಿ ಅವನನ್ನು ಗುರುತಿಸುತ್ತದೆ. ಒಂದೇ ದಿನದ ಒಂದೇ ದುಡಿಮೆಯನ್ನು ಹೀಗೆ ಸೀಳುವುದು ಅನ್ಯಾಯ. ಗುತ್ತಿಗೆದಾರನ ಕೂಲಿಗಳಿಗೂ ಮೂಲ ಮಾಲೀಕನೇ ಹೊಣೆ ಎಂಬ ಒಳ್ಳೆಯ ನಿಯಮವೂ ಇಲ್ಲಿ ಸೋಲುತ್ತದೆ. ಅಪಘಾತ ಆ ಮಾಲೀಕನ ಹಿಡಿತದ ಜಾಗದ ಹೊರಗೆ ನಡೆದರೆ ಹೊಣೆಯಿಲ್ಲ. ಕಬ್ಬಿನ ಹೊಲ ರೈತನದು, ಕಾರ್ಖಾನೆಯದಲ್ಲ.

ಕಾರ್ಖಾನೆಯ ಒಳಗೆ ದುಡಿಯುವವರ ಪಾಡೂ ಪೂರ್ತಿ ಹಸನಲ್ಲ. ಕಲಬುರಗಿಯ ಸೇಡಂ ರಸ್ತೆಯಲ್ಲಿ ಕಾರ್ಮಿಕರ ವಿಮಾ ವ್ಯವಸ್ಥೆಯಾದ ಇಎಸ್‌ಐನ ವೈದ್ಯಕೀಯ ಕಾಲೇಜು, ದೊಡ್ಡ ಆಸ್ಪತ್ರೆ ಇವೆ. ಆದರೆ ಸಕ್ಕರೆಯನ್ನಷ್ಟೇ ತಯಾರಿಸುವ ಕಾರ್ಖಾನೆಗಳನ್ನು ಹಂಗಾಮಿನವು ಎಂದು ಇಎಸ್‌ಐ ಹೊರಗಿಟ್ಟಿದೆ, ಹೊಸ ಸಂಹಿತೆಯೂ ಆ ಗೆರೆಯನ್ನು ಅಳಿಸಿಲ್ಲ. ಗಾಣಕ್ಕೆ ಸಿಕ್ಕಿದ ಬೆರಳಿಗೆ ಹಂಗಾಮು ಯಾವುದು?

ಇನ್ನು ಲೆಕ್ಕ. 2020ರ ಜನವರಿಯಲ್ಲಿ ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿಯನ್ನು 8,000ದಿಂದ 15,000 ರೂಪಾಯಿಗೆ ಏರಿಸಲಾಯಿತು. ಆ ಸಂಬಳದ 30 ವರ್ಷದವರು ಸತ್ತರೆ ಕುಟುಂಬಕ್ಕೆ 15,59,850 ರೂಪಾಯಿ ಬರಬೇಕು. ಆದರೆ ಟನ್ನಿನ ಮೇಲೆ ಕೂಲಿ ಪಡೆಯುವ ಜೋಡಿಯಲ್ಲಿ ಹೆಂಡತಿಯ ಸಂಬಳ ಎಷ್ಟು? ಲೆಕ್ಕದ ಪುಸ್ತಕದಲ್ಲಿ ಅವಳ ಹೆಸರೇ ಇಲ್ಲದಿದ್ದರೆ, ಮೊದಲು ತಾನು ಕೂಲಿಯವಳು ಎಂಬುದನ್ನೇ ಅವಳು ತೋರಿಸಿಕೊಡಬೇಕು.

ಕೈಯಿಂದ ಕಬ್ಬು ಕಡಿಯುವುದನ್ನು ಆ ಪಟ್ಟಿಗೆ ಸೇರಿಸಬೇಕು. ಕಬ್ಬು ಯಾವ ಕಾರ್ಖಾನೆಗೆ ಹೋಗುತ್ತದೋ ಅದೇ ಹೊಣೆ ಹೊರಬೇಕು. ಟೋಳಿಯ ಪ್ರತಿ ಹೆಣ್ಣಿನ ಹೆಸರೂ ಹಾಜರಿ ಪುಸ್ತಕದಲ್ಲಿ ಬರಬೇಕು. ಅಲ್ಲಿಯವರೆಗೆ, ಗಾಯಗೊಂಡವರ ಮನೆಯವರು ಇಷ್ಟನ್ನಾದರೂ ತಿಳಿದಿರಲಿ: ಕೈಗೆ ಒಂದಿಷ್ಟು ಹಣ ಕೊಟ್ಟು, ಮುಂದೆ ಏನೂ ಕೇಳುವುದಿಲ್ಲ ಎಂದು ಬರೆಸಿಕೊಂಡ ಬಾಂಡ್ ಪೇಪರಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಅದರ ಮೇಲೆ ಹೆಬ್ಬೆಟ್ಟು ಒತ್ತಿದ್ದರೂ ಅಪಘಾತದ ಎರಡು ವರ್ಷದೊಳಗೆ ಪರಿಹಾರಕ್ಕೆ ಅರ್ಜಿ ಹಾಕಬಹುದು.