ಕೊನೆಯ ನಾಲ್ಕು ಸೆಕೆಂಡಿನ ಸಾಹಿತ್ಯ

ಐಪಿಎಲ್ ನೋಡುತ್ತಿದ್ದವರಿಗೆಲ್ಲ ಬಾಯಿಪಾಠವಾಗಿದ್ದ ಒಂದು ಗದ್ಯವಿತ್ತು. ಓವರ್ ಮುಗಿಯುತ್ತಲೇ ಜಾಹೀರಾತು. ತಂಡ ಕಟ್ಟಿ, ಕೋಟಿ ಗೆಲ್ಲಿ ಎಂದು ನಮ್ಮ ಮೆಚ್ಚಿನ ಆಟಗಾರರೇ ನಗುನಗುತ್ತ ಕರೆಯುತ್ತಿದ್ದರು. ಅವರು ಮರೆಯಾದ ಮೇಲೆ ಯಾರದೋ ದನಿ ಉಸಿರು ಬಿಡದೆ ಒಪ್ಪಿಸುತ್ತಿತ್ತು: ಈ ಆಟದಲ್ಲಿ ಹಣಕಾಸಿನ ಅಪಾಯವಿದೆ, ಇದು ಚಟವಾಗಬಹುದು, ದಯವಿಟ್ಟು ಜವಾಬ್ದಾರಿಯಿಂದ, ನಿಮ್ಮ ಸ್ವಂತ ಹೊಣೆಯ ಮೇಲೆ ಆಡಿ.

ಇದರ ಕರ್ತೃ ಭಾರತೀಯ ಜಾಹೀರಾತು ಮಾನದಂಡ ಮಂಡಳಿ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳ ಜಾಹೀರಾತಿನಲ್ಲಿ ಈ ಮಾತು ಇರಲೇಬೇಕೆಂದು 2020ರ ಡಿಸೆಂಬರ್ 15ರಿಂದ ನಿಯಮ ಬಂತು. ಅಚ್ಚಿನಲ್ಲಾದರೆ ಜಾಗದ ಕನಿಷ್ಠ 20% ಇದಕ್ಕೆ ಮೀಸಲು. ಟಿವಿಯಲ್ಲಾದರೆ ಕೊನೆಯಲ್ಲಿ, ಸಹಜ ಮಾತಿನ ವೇಗದಲ್ಲಿ ಹೇಳಬೇಕು. ಸಹಜ ವೇಗ! ಕೆ.ಆರ್. ಮಾರುಕಟ್ಟೆಯಲ್ಲಿ ಹೂವಿನ ಹರಾಜು ಕೂಗುವವನಿಗೆ ಮಾತ್ರ ಅದು ಸಹಜ.

2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ ಹಣದ ಆನ್‌ಲೈನ್ ಆಟಗಳನ್ನೇ ನಿಷೇಧಿಸಿದ ಮೇಲೆ ಆ ದನಿ ಅಡಗಿತು. ಈಗ ಯಾಕೆ ಇದರ ವಿಮರ್ಶೆ ಎನ್ನಬಹುದು. ವಾಕ್ಯ ಹೋದರೂ ಅದರ ಹಿಂದಿನ ನಂಬಿಕೆ ಹೋಗಿಲ್ಲ, ಅದಕ್ಕೆ.

ವಾಕ್ಯವನ್ನು ಬಿಡಿಸಿ ನೋಡಿ. ಮೊದಲರ್ಧದಲ್ಲಿ ಕರ್ತೃ ಆಟ: ಅದರಲ್ಲಿ ಅಪಾಯವಿದೆ, ಅದು ಚಟವಾಗಬಹುದು. ಎರಡನೆಯ ಅರ್ಧಕ್ಕೆ ಬರುವಷ್ಟರಲ್ಲಿ ಆಟ ಮಾಯ, ಕರ್ತೃ ನೀವು: ಆಡುವವರು ನೀವು, ಹೊಣೆ ನಿಮ್ಮದು. ಆಡಿಸುವವನು ಎಲ್ಲೂ ಇಲ್ಲ. ‘ಆಡು’ ಮತ್ತು ‘ಆಡಿಸು’ಗಳ ನಡುವೆ ಇರುವುದು ಒಂದೇ ಒಂದು ಪ್ರತ್ಯಯ, ಈ ವಾಕ್ಯದ ಜಾಣತನವೆಲ್ಲ ಅದನ್ನು ನುಂಗುವುದರಲ್ಲಿದೆ. ಇನ್ನು ‘ಜವಾಬ್ದಾರಿ’. ಜವಾಬು ಕೊಡಬೇಕಾದವನು ಜವಾಬ್ದಾರ. ದುಡ್ಡು ಯಾರ ಖಾತೆಗೆ ಹೋಯಿತೋ ಅವರನ್ನು ಯಾರೂ ಜವಾಬು ಕೇಳದಂತೆ ಈ ಪದ ಇಲ್ಲಿ ಕಾವಲು ನಿಂತಿದೆ.

ಇದಕ್ಕಿಂತ ದೊಡ್ಡ ಐಬು ತರ್ಕದ್ದು. ಬೇಡ ಅಂದುಕೊಂಡರೂ ಬಿಡಲಾಗದ್ದಕ್ಕೆ ತಾನೇ ಚಟ ಅನ್ನುವುದು? ಅಮೆರಿಕದ ಮನೋವೈದ್ಯರು 1980ರಲ್ಲಿ ಜೂಜಿನ ಗೀಳನ್ನು ರೋಗಗಳ ಪಟ್ಟಿಗೆ ಸೇರಿಸಿದರು. 2013ರಲ್ಲಿ ಅದನ್ನು ಹೆಂಡ, ಮಾದಕವಸ್ತುಗಳ ಚಟದ ಸಾಲಿಗೇ ತಂದು ಕೂರಿಸಿದರು. ಆ ಸ್ಥಿತಿಯಲ್ಲಿ ಮೊದಲು ಕೈಕೊಡುವುದೇ ಹತೋಟಿ. ಚಟವಾಗಬಹುದು, ಜವಾಬ್ದಾರಿಯಿಂದ ಆಡಿ ಎನ್ನುವುದು, ಈ ಮಡುವಿನಲ್ಲಿ ಕೈಕಾಲು ಮರಗಟ್ಟುತ್ತವೆ, ಬಿದ್ದವರು ದಯವಿಟ್ಟು ಈಜಿ ಎಂದು ಬೋರ್ಡು ನೆಟ್ಟಂತೆ.

ನಮ್ಮ ಬೀದಿಯಲ್ಲೊಬ್ಬ ಹುಡುಗ. ಡಿಪ್ಲೊಮಾ ಮುಗಿಸಿ ಪೀಣ್ಯದ ಕಡೆ ಕೆಲಸಕ್ಕೆ ಹೋಗುತ್ತಿದ್ದವನು ರಮ್ಮಿಗೆ ಬಿದ್ದ. ಸಂಬಳ ಸಾಲದೆ ಲೋನ್ ಆಪ್, ಅದರ ಕಂತಿಗೆ ಮತ್ತೊಂದು ಲೋನ್ ಆಪ್, ಕೊನೆಗೆ ಅಕ್ಕನ ಕತ್ತಿನ ಸರ. ಒಂದು ಸಂಜೆ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಫೋನ್ ತೋರಿಸಿದ. ‘ಜವಾಬ್ದಾರಿಯುತ ಆಟ’ ಅಂತಲೇ ಒಂದು ಪುಟವಿತ್ತು. ಇಷ್ಟಕ್ಕಿಂತ ಹೆಚ್ಚು ಕಟ್ಟಲಾಗದಂತೆ ಅಲ್ಲಿ ಮಿತಿ ಹಾಕಿಕೊಳ್ಳಬಹುದಿತ್ತು.

“ದಿನಕ್ಕೆ ಐನೂರು ಅಂತ ಲಿಮಿಟ್ ಹಾಕಿದ್ದೆ ಅಂಕಲ್.”

“ಆಮೇಲೆ?”

“ಇನ್ನೊಂದು ಆಪ್ ಹಾಕ್ಕೊಂಡೆ.”

ಹೋಗಿರೋದು ಎತ್ಕೊಂಡ್ರೆ ಸಾಕು, ಬಿಟ್ಬಿಡ್ತೀನಿ ಅಂದ. ಈ ಮಾತನ್ನು ರೇಸ್ ಕೋರ್ಸಿನ ಗೇಟಿನಲ್ಲಿ ಕೇಳಿದ್ದೇನೆ, 2007ರಲ್ಲಿ ರಾಜ್ಯದಲ್ಲಿ ಲಾಟರಿ ನಿಲ್ಲುವ ಮುಂಚೆ ಟಿಕೆಟ್ ಅಂಗಡಿಗಳ ಮುಂದೆ ಕೇಳಿದ್ದೇನೆ. ಧರ್ಮರಾಯನೂ ಇದಕ್ಕೆ ಹೊರತಲ್ಲ. ನಾವು ನೆನಪಿಟ್ಟುಕೊಳ್ಳುವುದು ಅವನ ಮೊದಲ ಜೂಜನ್ನು. ನನ್ನನ್ನು ಕಾಡುವುದು ಎರಡನೆಯದು. ಧೃತರಾಷ್ಟ್ರ ಎಲ್ಲವನ್ನೂ ಹಿಂದಕ್ಕೆ ಕೊಟ್ಟು ಕಳಿಸಿದ್ದ. ರಾಜ್ಯವಿತ್ತು, ತಮ್ಮಂದಿರಿದ್ದರು, ದ್ರೌಪದಿಯಿದ್ದಳು. ಆದರೂ ಮತ್ತೆ ಕರೆದಾಗ ಹೋದ, ಹನ್ನೆರಡು ವರ್ಷದ ವನವಾಸ, ಒಂದು ವರ್ಷದ ಅಜ್ಞಾತವಾಸ ಹೊತ್ತು ಬಂದ. ಜವಾಬ್ದಾರಿಯಲ್ಲಿ ಅವನನ್ನು ಮೀರಿಸಿದವರು ಯಾರಿದ್ದಾರೆ? ಮೊದಲು ತನ್ನನ್ನು ಸೋತನೋ ನನ್ನನ್ನೋ ಎಂದು ದ್ರೌಪದಿ ಕೇಳಿದಾಗ ಆ ತುಂಬಿದ ಸಭೆಯಲ್ಲಿ, ವಿದುರನನ್ನು ಬಿಟ್ಟರೆ, ನೆಟ್ಟಗೆ ಜವಾಬು ಕೊಟ್ಟ ಹಿರಿಯ ಒಬ್ಬನೂ ಇರಲಿಲ್ಲ.

ಜೂಜೆಂದರೆ ಮೂಗು ಮುರಿಯುವ ಮಡಿವಂತಿಕೆ ನನಗಿಲ್ಲ. ನಮ್ಮ ಮಂಡ್ಯದ ಕಡೆ ಯುಗಾದಿ ಬಂತೆಂದರೆ ಹೋಳಿಗೆಯಷ್ಟೇ ಇಸ್ಪೀಟೂ ಖಾಯಂ. ಆಲದ ಮರದ ಕೆಳಗೆ ಗೋಣಿತಾಟು ಹಾಸಿ ಅಂದರ್ ಬಾಹರ್ ಕೂರುತ್ತಿದ್ದರು. ಅಲ್ಲೂ ಮನೆ ಹಾಳಾಗಿದೆ. ಹಬ್ಬದ ಮರುದಿನ ಎತ್ತು ಹೊಡೆದುಕೊಂಡು ಸಂತೆಗೆ ಹೋದವರನ್ನು ಕಂಡಿದ್ದೇನೆ. ಆದರೆ ಕತ್ತಲಾದರೆ ಎಲೆ ಕಾಣುತ್ತಿರಲಿಲ್ಲ. ಜೇಬು ಬರಿದಾದರೆ ಕೈಗಡ ಕೊಡುವವರು ಒಬ್ಬಿಬ್ಬರು, ಅವರೂ ಮುಖ ನೋಡಿ ಕೊಡುತ್ತಿದ್ದರು. “ಸಾಕು ಏಳ್ಲಾ, ಮನೇಲಿ ಹೆಂಡ್ತಿ ಮಕ್ಕಳು ಉಂಡವ್ರಾ ನೋಡೋಗು” ಎಂದು ನಮ್ಮ ಚಿಕ್ಕಪ್ಪ ಗದರಿ ಎಬ್ಬಿಸುತ್ತಿದ್ದರು. ತಡೆಯೆಲ್ಲ ಆಡುವವನ ಹೊರಗಿತ್ತು. ಫೋನಿಗೆ ಕತ್ತಲಿಲ್ಲ, ಲೋನ್ ಆಪಿಗೆ ಮುಖದಾಕ್ಷಿಣ್ಯವಿಲ್ಲ, ಬಚ್ಚಲುಮನೆಯಲ್ಲಿ ಚಿಲಕ ಹಾಕಿಕೊಂಡು ಆಡುವವನನ್ನು ಗದರಲು ಯಾವ ಚಿಕ್ಕಪ್ಪನಿಗೂ ಆಗುವುದಿಲ್ಲ.

‘ಜವಾಬ್ದಾರಿಯುತ ಜೂಜು’ ಎಂಬ ಕಲ್ಪನೆ ನಮ್ಮದೇನಲ್ಲ, ಹೊರಗಿಂದ ಬಂದದ್ದು. ಅದಕ್ಕೆ ಶಾಸ್ತ್ರದ ಬಲ ಕೊಟ್ಟದ್ದು 2004ರಲ್ಲಿ ಮೂವರು ವಿದ್ವಾಂಸರು ಮಂಡಿಸಿದ ‘ರೆನೋ ಮಾದರಿ’: ಮಾಹಿತಿ ಕೊಡಿ, ತೀರ್ಮಾನ ಆಡುವವನಿಗೆ ಬಿಡಿ. ರೆನೋ ಎನ್ನುವುದು ನೆವಾಡಾದ ಕ್ಯಾಸಿನೊ ಊರು, ಅದು ಬೇರೆ ಮಾತು. ಬ್ರಿಟನ್ನಿನ ಬೆಟ್ಟಿಂಗ್ ಕಂಪನಿಗಳು 2015ರಲ್ಲಿ, ಮಜಾ ನಿಂತಾಗ ನಿಲ್ಲಿಸಿ ಎಂಬರ್ಥದ ಘೋಷಣೆ ಹೊರಡಿಸಿದವು. ಅದರಲ್ಲಿ ‘ಮಜಾ’ ಎಂಬುದನ್ನೇ ಉಳಿದ ಪದಗಳಿಗಿಂತ ದೊಡ್ಡಕ್ಷರದಲ್ಲಿ ಬರೆಸಿದ್ದರು. ಇದರಿಂದ ಬಾಜಿ ಕಟ್ಟುವುದೇನೂ ಕಡಿಮೆಯಾಗಲಿಲ್ಲ ಎಂದು 2019ರಲ್ಲಿ ವಾರಿಕ್ ವಿಶ್ವವಿದ್ಯಾಲಯದ ಅಧ್ಯಯನ ಹೇಳಿತು.

ಆಸ್ಟ್ರೇಲಿಯಾದವರು ಇನ್ನೂ ನಿಷ್ಠುರರು. ಜವಾಬ್ದಾರಿಯಿಂದ ಜೂಜಾಡಿ ಎಂಬ ಸಾಲನ್ನೇ ಕಿತ್ತುಹಾಕಿ, 2023ರ ಮಾರ್ಚ್‌ನಿಂದ ಏಳು ಹೊಸ ಸಾಲು ಕಡ್ಡಾಯ ಮಾಡಿದರು. ನೀವೀಗ ಸೋಲುವ ಸಂಭವವೇ ಹೆಚ್ಚು ಎಂಬುದು ಅವುಗಳಲ್ಲೊಂದರ ತಾತ್ಪರ್ಯ. ಬರವಣಿಗೆಯಾಗಿಯೂ ಇದು ಮೇಲು, ಉಪದೇಶವಿಲ್ಲದೆ ‘ಸೋಲು’ ಎಂಬ ನಿಜದ ಪದವನ್ನು ಬಾಯಿಬಿಟ್ಟು ಹೇಳುತ್ತದೆ. ಅದೇ ವರ್ಷದ ಆಗಸ್ಟ್‌ನಲ್ಲಿ ‘ಬೆಟ್‌ಸ್ಟಾಪ್’ ಎಂಬ ರಾಷ್ಟ್ರೀಯ ನೋಂದಣಿಯೂ ಬಂತು. ಒಮ್ಮೆ ಹೆಸರು ಬರೆಸಿದರೆ ಆನ್‌ಲೈನಿನಲ್ಲಿ, ಫೋನಿನಲ್ಲಿ ಬೆಟ್ಟಿಂಗ್ ನಡೆಸುವ ಪರವಾನಗಿದಾರರೆಲ್ಲರ ಬಾಗಿಲೂ ಬಂದ್, ಕನಿಷ್ಠ ಮೂರು ತಿಂಗಳು, ಬೇಕೆಂದರೆ ಜೀವನಪೂರ್ತಿ. ಒಂದು ಆಪಿನಿಂದ ಇನ್ನೊಂದಕ್ಕೆ ಹಾರಿದ ಹುಡುಗನಿಗೆ ಬೇಕಿದ್ದದ್ದು ಇದು.

ನಮ್ಮಲ್ಲಿ ವರ್ಷಗಟ್ಟಲೆ ನಡೆದದ್ದು ಬೇರೆಯೇ ಜಗಳ. ರಮ್ಮಿ ಬಹುಪಾಲು ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿತ್ತು; ಕ್ಲಬ್ಬಿನ ಮೇಜಿನ ಕುರಿತ ಆ ಮಾತಿನ ಮೇಲೆ ಆಪುಗಳ ಮಹಡಿ ಎದ್ದಿತು. ಕರ್ನಾಟಕ 2021ರಲ್ಲಿ ತಂದ ನಿಷೇಧವನ್ನು ಹೈಕೋರ್ಟ್ ಮರುವರ್ಷ ಫೆಬ್ರವರಿಯಲ್ಲಿ ರದ್ದುಮಾಡಿತು. 2025ರ ಕಾಯ್ದೆ ಕೌಶಲವೋ ಅದೃಷ್ಟವೋ ಎಂಬುದನ್ನು ಬದಿಗಿಟ್ಟು ಆಡಿಸುವವರ ಮೇಲೆ ಶಿಕ್ಷೆ ಇಟ್ಟಿತು, ಆಡುವವನನ್ನು ಅಪರಾಧಿ ಮಾಡಲಿಲ್ಲ. ಕೊನೆಗೂ ಆ ‘ಇಸು’ ಪ್ರತ್ಯಯ ಕಾನೂನಿಗೆ ಕಂಡಿತು. ಆದರೆ ಬೀಗ ಬಿದ್ದದ್ದು ಅಂಗಡಿಗೆ, ಗೀಳಿಗಲ್ಲ. ಓಸಿ ಬರೆಸಿಕೊಳ್ಳುವವರು, ಕ್ರಿಕೆಟ್ ಬುಕ್ಕಿಗಳು ಜಾಹೀರಾತು ಕೊಟ್ಟವರೂ ಅಲ್ಲ, ಎಚ್ಚರಿಕೆ ಹೇಳಿದವರೂ ಅಲ್ಲ.

ಆ ಗದ್ಯದ ಬಗ್ಗೆ ಕೊನೆಯದೊಂದು ತಕರಾರಿದೆ. ಅಷ್ಟು ವರ್ಷ, ಅಷ್ಟು ಭಾಷೆಗಳಲ್ಲಿ ಮೊಳಗಿದ ಆ ನಿಗದಿತ ವಾಕ್ಯದಲ್ಲಿ ಒಂದು ಫೋನ್ ನಂಬರ್ ಇರಲಿಲ್ಲ. 2022ರ ಅಕ್ಟೋಬರ್‌ನಿಂದ 14416 ಎಂಬ ಟೆಲಿ ಮಾನಸ್ ಸಹಾಯವಾಣಿ ದೇಶವಿಡೀ ಇದೆ. ದುಡ್ಡಿಲ್ಲ, ಹಗಲು ರಾತ್ರಿಯ ಭೇದವಿಲ್ಲ, ಕನ್ನಡದಲ್ಲೇ ಮಾತಾಡಬಹುದು, ಮನೆಯವರೂ ಕರೆ ಮಾಡಬಹುದು. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ವಿಭಾಗವಿದೆ. ಫೋನ್, ಗೇಮಿಂಗ್ ಗೀಳಿಗೆಂದೇ 2014ರಲ್ಲಿ ಶುರುವಾದ ‘ಶಟ್’ ಕ್ಲಿನಿಕ್ ಕೂಡ ಅಲ್ಲಿದೆ. “ಐದಂಕಿ ಹೇಳೋಕೆ ಎಷ್ಟು ಸೆಕೆಂಡ್ ಬೇಕಿತ್ತು ಸಾರ್?” ಎಂದು ಹುಡುಗನ ತಾಯಿ ನನ್ನನ್ನು ಕೇಳಿದರು. ಆ ನಂಬರಿಗೆ ಮೊದಲು ಫೋನ್ ಮಾಡಿದ್ದು ಅವರೇ, ಅವನಲ್ಲ.

ಈಗ ಅವನ ಸಂಬಳ ತಾಯಿಯ ಖಾತೆಗೆ ಬೀಳುತ್ತದೆ. ಸಾಲಗಳನ್ನೆಲ್ಲ ಕೌನ್ಸೆಲರ್ ಎದುರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿದ್ದಾನೆ; ಬರೆದು ಮುಗಿಸಲು ಮೂರು ಸಲ ಹೋಗಬೇಕಾಯಿತಂತೆ. ಕೈಯಲ್ಲಿ ಬಟನ್ ಫೋನ್. ಬೆಳಿಗ್ಗೆ ಬಸ್ಸಿಗೆ, ಊಟಕ್ಕೆ ಅಂತ ನೂರೈವತ್ತು ಇಸಿದುಕೊಂಡು ಹೋಗುತ್ತಾನೆ, ಸಂಜೆ ಉಳಿದ ಚಿಲ್ಲರೆಯನ್ನು ಅಡುಗೆಮನೆ ಕಟ್ಟೆಯ ಮೇಲಿಡುತ್ತಾನೆ. ತಾಯಿ ಒಗ್ಗರಣೆಯ ಮಧ್ಯೆ ಅದನ್ನು ಎಣಿಸಿ ಸಾಸಿವೆ ಡಬ್ಬಿಗೆ ಹಾಕುತ್ತಾರೆ. ಮೊನ್ನೆ ಎರಡು ರೂಪಾಯಿ ಕಡಿಮೆಯಿತ್ತು. ಎಲ್ಲಿ ಹೋಯಿತು ಅಂತ ಅವರು ಕೇಳಿದರು, ಕಂಡಕ್ಟರ್ ಚಿಲ್ಲರೆ ಕೊಡಲಿಲ್ಲ ಅಂತ ಅವನು ಟಿಕೆಟ್ ತೆಗೆದು ತೋರಿಸಿದ.