ಪದಸಂಸ್ಕಾರಕದಲ್ಲಿ ‘ಶೈಲಿ’: ಸಂಜ್ಞೆಯೋ, ಅಲಂಕಾರವೋ?

ಗಣಕಯಂತ್ರದ ನೆರವಿನಿಂದ ಗ್ರಂಥಗಳನ್ನು ಸಿದ್ಧಪಡಿಸುವ ಪದಸಂಸ್ಕಾರಕಗಳಲ್ಲಿ, ಎಂದರೆ ವರ್ಡ್ ಪ್ರೊಸೆಸರ್ ಎಂದು ಲೋಕದಲ್ಲಿ ರೂಢವಾಗಿರುವ ತಂತ್ರಾಂಶಗಳಲ್ಲಿ, ‘ಸ್ಟೈಲ್’ ಎಂಬುದೊಂದು ವ್ಯವಸ್ಥೆಯುಂಟು. ಇದನ್ನು ಕನ್ನಡದಲ್ಲಿ ‘ಶೈಲಿ’ಯೆಂದು ಕರೆಯುವರು. ಈ ಶಬ್ದವು ಕಿವಿಗೆ ಬಿದ್ದೊಡನೆ ಸಾಹಿತ್ಯಜ್ಞರಿಗೆ ರೀತಿತತ್ತ್ವದ ಸ್ಮರಣೆಯಾಗುವುದು ಸಹಜವೇ. ವಾಮನನು ರೀತಿಯನ್ನು ಕಾವ್ಯದ ಆತ್ಮವೆಂದು ಪ್ರತಿಪಾದಿಸಿದನು. ಕವಿರಾಜಮಾರ್ಗಕಾರನು ದಕ್ಷಿಣೋತ್ತರಮಾರ್ಗಗಳ ಭೇದವನ್ನು ಕನ್ನಡಕ್ಕೆ ಅನ್ವಯಿಸಿ ತೋರಿಸಿದನು. ಆದರೆ ಪದಸಂಸ್ಕಾರಕದ ಶೈಲಿಗೂ ಈ ರೀತಿಗೂ ಹೆಸರಿನ ಹೊರತು ಸಂಬಂಧವಿಲ್ಲ. ಹೆಸರಿನಿಂದ ಹುಟ್ಟಿದ ಭ್ರಾಂತಿಯಿಂದ ಇದನ್ನು ಪುಟದ ಶೃಂಗಾರವೆಂದು ಭಾವಿಸಿ ವಿದ್ವಾಂಸರು ಮುದ್ರಣಾಲಯದವರ ಪಾಲಿಗೆ ಬಿಟ್ಟುಬಿಡುವುದುಂಟು. ಇದು ಅಲಂಕಾರವಲ್ಲ, ಸಂಜ್ಞೆ. ಆದುದರಿಂದ ಗ್ರಂಥಸಂಪಾದಕನ ಕರ್ತವ್ಯದಲ್ಲಿಯೇ ಸೇರಿದ್ದು.

ಒಂದು ಪಂಕ್ತಿಯನ್ನು ಅಧ್ಯಾಯದ ಶೀರ್ಷಿಕೆಯನ್ನಾಗಿ ತೋರಿಸಲು ಎರಡು ಮಾರ್ಗಗಳಿವೆ. ಆ ಪಂಕ್ತಿಯನ್ನು ಗುರುತುಮಾಡಿ, ಅಕ್ಷರಗಳನ್ನು ಹಿರಿದುಮಾಡಿ, ದಪ್ಪಗೊಳಿಸಿ, ನಡುವಿಗೆ ತರುವುದು ಮೊದಲನೆಯದು. ‘ಅಧ್ಯಾಯಶೀರ್ಷಿಕೆ’ ಎಂಬ ಶೈಲಿಯನ್ನು ಕಲ್ಪಿಸಿ, ಅದರ ಲಕ್ಷಣಗಳನ್ನು ಒಮ್ಮೆ ನಿರ್ದೇಶಿಸಿ, ಪಂಕ್ತಿಗೆ ಆ ಹೆಸರನ್ನು ಕೊಡುವುದು ಎರಡನೆಯದು. ಕಾಗದದ ಮೇಲೆ ಇವೆರಡಕ್ಕೂ ಭೇದವಿಲ್ಲ, ಭೇದವಿರುವುದು ಕಡತದಲ್ಲಿ. ಮೊದಲನೆಯದರಲ್ಲಿ ‘ಇದು ದಪ್ಪ’ ಎಂಬಷ್ಟೇ ಉಳಿಯುವುದು. ಎರಡನೆಯದರಲ್ಲಿ ‘ಇದು ಶೀರ್ಷಿಕೆ’ ಎಂಬ ಅರ್ಥವೇ ಉಳಿಯುವುದು. ಆದುದರಿಂದಲೇ ಎರಡನೆಯ ಮಾರ್ಗದಲ್ಲಿ ವಿಷಯಾನುಕ್ರಮಣಿಕೆಯನ್ನು ಯಂತ್ರವೇ ರಚಿಸಬಲ್ಲುದು. ಲಕ್ಷಣವನ್ನು ಒಂದೆಡೆ ತಿದ್ದಿದರೆ 40 ಅಧ್ಯಾಯಗಳ ಶೀರ್ಷಿಕೆಗಳೂ ಏಕಕಾಲದಲ್ಲಿ ತಿದ್ದಲ್ಪಡುವುವು.

ಸಂಸ್ಕೃತವ್ಯಾಕರಣವನ್ನು ಬಲ್ಲವರಿಗೆ ಇದು ಅಪರಿಚಿತವಾದ ಕ್ರಮವಲ್ಲ. ಪಾಣಿನಿಯ ಅಷ್ಟಾಧ್ಯಾಯಿಯು ಆ, ಐ, ಔಗಳಿಗೆ ವೃದ್ಧಿಸಂಜ್ಞೆಯನ್ನು ವಿಧಿಸುವುದರಿಂದಲೇ ಆರಂಭವಾಗುವುದು. ಮೊದಲು ಸಂಜ್ಞೆ, ಆ ಬಳಿಕ ಕಾರ್ಯ. ಕಾರ್ಯವನ್ನು ಹೇಳುವಲ್ಲಿ ವರ್ಣಗಳನ್ನು ಮರಳಿ ಮರಳಿ ಎಣಿಸಬೇಕಾಗಿಲ್ಲ. ಶೈಲಿಯ ನಾಮಕರಣದಲ್ಲಿಯೂ ಈ ವಿವೇಕವು ಅವಶ್ಯಕ. ‘ಕೆಂಪು ದಪ್ಪಕ್ಷರ’ ಎಂದು ಹೆಸರಿಟ್ಟ ಶೈಲಿಯ ಬಣ್ಣವನ್ನು ನಾಳೆ ಕಪ್ಪಾಗಿಸಿದರೆ ಹೆಸರು ಸುಳ್ಳಾಗುವುದು. ‘ಪಾಠಾಂತರ’ ಎಂದು ಹೆಸರಿಟ್ಟರೆ ರೂಪವು ಎಷ್ಟು ಬದಲಾದರೂ ಹೆಸರು ಸತ್ಯವಾಗಿಯೇ ಉಳಿಯುವುದು.

ಕನ್ನಡ ಶಾಸ್ತ್ರಗ್ರಂಥಗಳಲ್ಲಿ ಇದರ ಉಪಯೋಗವು ಸ್ಫುಟವಾಗಿ ಕಾಣುವುದು. ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಕಂದಪದ್ಯರೂಪವಾದ ಸೂತ್ರ, ಗದ್ಯರೂಪವಾದ ವೃತ್ತಿ, ಪೂರ್ವಕವಿಗಳಿಂದ ಎತ್ತಿದ ಪ್ರಯೋಗ ಎಂಬ ಮೂರು ಅಂಗಗಳಿವೆ. 1604 ರಲ್ಲಿ ಭಟ್ಟಾಕಳಂಕನು ರಚಿಸಿದ ಕರ್ಣಾಟಕಶಬ್ದಾನುಶಾಸನದಲ್ಲಿ ಸೂತ್ರವೂ ವಿವರಣೆಯೂ ಸಂಸ್ಕೃತದಲ್ಲಿಯೂ ಉದಾಹರಣೆಗಳು ಕನ್ನಡದಲ್ಲಿಯೂ ಇವೆ. ಓಲೆಯ ಲಿಪಿಕಾರನಿಗೆ ಇದ್ದುದು ಒಂದೇ ಕಂಟ, ಒಂದೇ ಅಳತೆಯ ಅಕ್ಷರ. ದಪ್ಪಕ್ಷರದ ಸೌಕರ್ಯವಿಲ್ಲದ ಅವನು ‘ವೃತ್ತಿ’, ‘ಪ್ರಯೋಗ’, ‘ಟೀಕೆ’ ಎಂದು ಅಂಗಗಳ ಹೆಸರನ್ನೇ ಬರೆಯುತ್ತಿದ್ದನು. ಅಚ್ಚಿನ ಕಾಲದಲ್ಲಿ ಮೊಳೆಗಳ ಗಾತ್ರಭೇದವು ಆ ಹೆಸರುಗಳ ಕೆಲಸವನ್ನು ಬಹುಮಟ್ಟಿಗೆ ವಹಿಸಿಕೊಂಡಿತು. ಪದಸಂಸ್ಕಾರಕದ ಶೈಲಿಯು ಗಾತ್ರಭೇದವನ್ನು ಉಳಿಸಿಕೊಂಡೇ ಹೆಸರನ್ನು ಮರಳಿ ತಂದಿದೆ. ಪಂಕ್ತಿಯ ರೂಪವನ್ನಲ್ಲ, ಪ್ರಯೋಜನವನ್ನು ಹೆಸರಿಸಬೇಕೆಂಬ ತತ್ತ್ವವನ್ನು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಬ್ರಯಾನ್ ರೀಡ್ ಎಂಬವರು 1980 ರ ತಮ್ಮ ಪ್ರಬಂಧದಲ್ಲಿ ನಿರೂಪಿಸಿದರು. ಅವರ ತಂತ್ರಾಂಶದ ಹೆಸರಾದ ‘ಸ್ಕ್ರೈಬ್’ ಎಂಬುದಕ್ಕೆ ಲಿಪಿಕಾರನೆಂದೇ ಅರ್ಥವಿರುವುದು ಉಚಿತವಾಗಿದೆ.

ಶೈಲಿಗಳ ಪರಸ್ಪರಸಂಬಂಧವೂ ವಿಚಾರಾರ್ಹವಾದುದು. ಒಂದು ಶೈಲಿಯನ್ನು ಮತ್ತೊಂದರ ಆಧಾರದ ಮೇಲೆ ರಚಿಸಬಹುದು. ‘ವೃತ್ತಿ’ಯನ್ನು ಆಧರಿಸಿ ‘ಪ್ರಯೋಗ’ವನ್ನು ಕಲ್ಪಿಸಿದರೆ, ವೃತ್ತಿಯ ಫಾಂಟು, ಗಾತ್ರ, ಪಂಕ್ತಿಗಳ ಅಂತರ ಎಲ್ಲವೂ ಪ್ರಯೋಗಕ್ಕೆ ಅನುವೃತ್ತವಾಗುವುವು, ಪ್ರಯೋಗದಲ್ಲಿ ಪ್ರತ್ಯೇಕವಾಗಿ ಹೇಳಿದ್ದು ಮಾತ್ರ ಭಿನ್ನವಾಗುವುದು. ಬಲಾಬಲದ ಕ್ರಮವೂ ನಿಯತವಾಗಿದೆ: ಕಂಡಿಕೆಯ ಶೈಲಿಯು ಉತ್ಸರ್ಗ, ಅದರೊಳಗಿನ ಕೆಲವು ಪದಗಳಿಗೆ ಕೊಡುವ ಅಕ್ಷರಶೈಲಿಯು ಅಪವಾದ, ಕೈಯಿಂದ ನೇರವಾಗಿ ಮಾಡಿದ ವ್ಯತ್ಯಾಸವು ಇವೆರಡನ್ನೂ ಬಾಧಿಸುವುದು. ಈ ಕೊನೆಯ ಅಪವಾದಕ್ಕೆ ಹೆಸರಿಲ್ಲ, ಕಾರಣದ ನಿರ್ದೇಶವಿಲ್ಲ. ಇಂಥವು ನೂರಾರು ಸೇರಿದ ಕಡತದಲ್ಲಿ ಉತ್ಸರ್ಗವನ್ನು ತಿದ್ದಿದರೂ ಅಲ್ಲಲ್ಲಿ ಹಳೆಯ ರೂಪವೇ ನಿಲ್ಲುವುದು.

ಇಷ್ಟು ಗುಣಗಳಿದ್ದರೂ ಈ ವ್ಯವಸ್ಥೆಯು ನಿರ್ದುಷ್ಟವಲ್ಲ. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಶೈಲಿಯನ್ನು ‘ತಾನಾಗಿ ಪರಿಷ್ಕೃತವಾಗುವಂತೆ’ ಇಡುವ ಸೌಲಭ್ಯವಿದೆ. ಅದನ್ನು ಒಪ್ಪಿದರೆ ಒಂದು ಕಂಡಿಕೆಯಲ್ಲಿ ಮಾಡಿದ ವ್ಯತ್ಯಾಸವು ಅದೇ ಶೈಲಿಯ ಎಲ್ಲ ಕಂಡಿಕೆಗಳಿಗೂ ಹಬ್ಬುವುದು. ಅಪವಾದವೇ ಉತ್ಸರ್ಗವನ್ನು ತಿದ್ದುವ ಈ ಕ್ರಮವು ಶಾಸ್ತ್ರದೃಷ್ಟಿಗೆ ಸಮ್ಮತವಲ್ಲ. ಮತ್ತು ಅದರಲ್ಲಿ ಒಂದು ಪದಕ್ಕೆ ಒಂದೇ ಅಕ್ಷರಶೈಲಿಯನ್ನು ಕೊಡಲು ಸಾಧ್ಯ. ಒಂದೇ ಪದವು ಪಾಠಾಂತರವೂ ಅಂಕಿತನಾಮವೂ ಆಗಿದ್ದರೆ ಎರಡು ಸಂಜ್ಞೆಗಳನ್ನು ಹೇಳಲಾಗದು. 1987 ರಲ್ಲಿ ಆರಂಭವಾದ ಟೆಕ್ಸ್ಟ್ ಎನ್‌ಕೋಡಿಂಗ್ ಇನಿಷಿಯೇಟಿವ್ ಎಂಬ ವಿದ್ವತ್ಪ್ರಯತ್ನದ ಕ್ರಮದಲ್ಲಿ ಒಂದರೊಳಗೊಂದನ್ನು ಹುದುಗಿಸಿ ಇದನ್ನು ಸಾಧಿಸಬಹುದು. ಮೂರನೆಯದು ಕನ್ನಡಿಗರಿಗೆ ವಿಶೇಷವಾದ ತೊಡಕು: ಶೈಲಿಯ ಲಕ್ಷಣದಲ್ಲಿ ರೋಮನ್ ಲಿಪಿಗೂ, ಕನ್ನಡಾದಿಗಳು ಸೇರುವ ‘ಸಂಕೀರ್ಣಲಿಪಿ’ಗಳಿಗೂ ಫಾಂಟು ಮತ್ತು ಗಾತ್ರಗಳನ್ನು ಬೇರೆಬೇರೆಯಾಗಿ ಹೇಳಬೇಕು. ಮೊದಲನೆಯ ಸ್ಥಾನದಲ್ಲಿ ಮಾತ್ರ ಅಂಕಿಯನ್ನು ಬದಲಿಸಿದವನಿಗೆ ಕನ್ನಡದ ಅಕ್ಷರಗಳು ಕದಲುವುದಿಲ್ಲ. ಆಗ ಅವನು ಶೈಲಿಯನ್ನು ಬಿಟ್ಟು ಕೈಯಿಂದ ತಿದ್ದುವ ದಾರಿಯನ್ನು ಹಿಡಿಯುವನು.

‘ಪುಸ್ತಕವು ಅಂದವಾಗಿ ಅಚ್ಚಾದರೆ ಸಾಲದೆ? ಕಡತದೊಳಗಿನ ಹೆಸರುಗಳನ್ನು ನೋಡುವವರಾರು?’ ಎಂದು ಪೂರ್ವಪಕ್ಷಿಯು ಕೇಳಬಹುದು. ಇದಕ್ಕೆ ಕನ್ನಡದ ಗಣಕಚರಿತ್ರೆಯೇ ಉತ್ತರವನ್ನು ಕೊಡುವುದು. ಯೂನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡ ಫಾಂಟುಗಳಲ್ಲಿ ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿಯೇ ಕನ್ನಡದ ರೂಪಖಂಡಗಳನ್ನು ಕೂಡಿಸುತ್ತಿದ್ದರು. ಕಾಣುವಾಗ ಅದು ಕನ್ನಡ. ಫಾಂಟನ್ನು ಬದಲಿಸಿದೊಡನೆ ಅರ್ಥಹೀನವಾದ ರೋಮನ್ ಅಕ್ಷರರಾಶಿ. ಅಲ್ಲಿ ರೂಪವಿತ್ತೇ ಹೊರತು ಅಕ್ಷರದ ಅಭಿಜ್ಞಾನವಿರಲಿಲ್ಲ. 1991 ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿ ಕನ್ನಡದ ವರ್ಣಗಳಿಗೆ ಸ್ವಂತ ಸ್ಥಾನಗಳು ದೊರೆತವು. ಹೀಗೆ ವರ್ಣವು ರೂಪದಿಂದ ಬೇರ್ಪಟ್ಟಿತು. ಅಕ್ಷರಕ್ಕೆ ಯೂನಿಕೋಡ್ ಮಾಡಿದ ಉಪಕಾರವನ್ನೇ ಕಂಡಿಕೆಗೆ ಶೈಲಿಯು ಮಾಡುವುದು. ಶೈಲಿಯಿಲ್ಲದೆ ದಪ್ಪಕ್ಷರದಿಂದಲೇ ಸೂತ್ರವನ್ನು ಗುರುತಿಸಿದ ಆವೃತ್ತಿಯ ಕಡತವನ್ನು ಮತ್ತೊಂದು ತಂತ್ರಾಂಶಕ್ಕೆ ಸರಳಪಠ್ಯವಾಗಿ ಒಯ್ದರೆ ಸೂತ್ರವೂ ವೃತ್ತಿಯೂ ಬೆರೆತು ಹೋಗುವುವು. ಸಂಪಾದಕನು ವರುಷಗಟ್ಟಲೆ ಮಾಡಿದ ವಿವೇಚನೆಯು ನಷ್ಟವಾಗುವುದು. ಹೆಸರಿಟ್ಟ ಶೈಲಿಗಳೂ ಸರಳಪಠ್ಯದಲ್ಲಿ ನಿಲ್ಲವೆಂಬುದು ನಿಜ. ಆದರೆ ಹೆಸರಿದ್ದಲ್ಲಿ ಅದನ್ನು ಮೊದಲೇ ಬೇರೊಂದು ಕ್ರಮದ ಗುರುತಾಗಿ ಯಂತ್ರದಿಂದಲೇ ಪರಿವರ್ತಿಸಬಹುದು. ಹೆಸರಿಲ್ಲದ ದಪ್ಪಕ್ಷರವು ಸೂತ್ರವೋ, ಶೀರ್ಷಿಕೆಯೋ, ಬರಿಯ ಒತ್ತೋ ಎಂಬುದನ್ನು ಮನುಷ್ಯನೇ ಕುಳಿತು ನಿರ್ಣಯಿಸಬೇಕು.

ಒಂದು ಎಚ್ಚರಿಕೆಯು ಉಳಿದಿದೆ. ಒಂದು ಕಡತದಿಂದ ಮತ್ತೊಂದಕ್ಕೆ ಪಾಠವನ್ನು ನಕಲು ಮಾಡುವಾಗ, ಎರಡರಲ್ಲಿಯೂ ಒಂದೇ ಹೆಸರಿನ ಶೈಲಿಯಿದ್ದರೆ, ಸಾಮಾನ್ಯವಾಗಿ ಸೇರುವ ಕಡತದ ಲಕ್ಷಣವೇ ಪ್ರಬಲವಾಗುವುದು. ಹೆಸರಿಗೆ ಎರಡೂ ಕಡೆ ಒಂದೇ ಅರ್ಥವಿದ್ದರೆ ಇದು ಮಹೋಪಕಾರ. ಹಲವರ ಲೇಖನಗಳು ಒಂದೇ ಸಂಪುಟದಲ್ಲಿ ಅನಾಯಾಸವಾಗಿ ಒಂದೇ ರೂಪವನ್ನು ತಾಳುವುವು. ಅರ್ಥವು ಭಿನ್ನವಾಗಿದ್ದರೆ, ಒಬ್ಬರ ‘ಟೀಕೆ’ಯು ಪ್ರಾಚೀನವ್ಯಾಖ್ಯಾನವಾಗಿಯೂ ಮತ್ತೊಬ್ಬರದು ಸಂಪಾದಕನ ಟಿಪ್ಪಣಿಯಾಗಿಯೂ ಇದ್ದರೆ, ಗೊಂದಲಕ್ಕೆ ಪಾರವಿಲ್ಲ. ಆದುದರಿಂದ ಸೂತ್ರ, ವೃತ್ತಿ, ಪ್ರಯೋಗ, ಮೂಲಪದ್ಯ, ವ್ಯಾಖ್ಯಾನ, ಪಾಠಾಂತರ, ಸಂಪಾದಕಟಿಪ್ಪಣಿ ಮುಂತಾದ ಸಂಜ್ಞೆಗಳನ್ನು ಅರ್ಥನಿರ್ಣಯದೊಡನೆ ಗೊತ್ತುಪಡಿಸಿ, ಒಂದು ಮಾದರಿಕಡತದಲ್ಲಿ ನೆಲೆಗೊಳಿಸಿ, ಕನ್ನಡ ಗ್ರಂಥಸಂಪಾದಕರೆಲ್ಲರೂ ಅದನ್ನೇ ಅನುಸರಿಸುವುದು ಯುಕ್ತ. ಅಕ್ಷರದ ಗಾತ್ರವನ್ನೂ ಬಣ್ಣವನ್ನೂ ಮುದ್ರಕನು ತನಗೆ ಉಚಿತಕಂಡಂತೆ ಬದಲಿಸಲಿ. ಯಾವುದು ಸೂತ್ರ, ಯಾವುದು ವೃತ್ತಿ ಎಂಬ ನಿರ್ಣಯವು ವಿದ್ವಾಂಸನದು, ಅದನ್ನು ಕಡತದಲ್ಲಿ ಬರೆದಿಡುವ ಹೊಣೆಯೂ ಅವನದೇ.