ನಿಧಾನವಾಗಿ ಬರುವ ಹರ್ಷ

ಪಾವಗಡ ತಾಲೂಕಿನ ವೈ.ಎನ್.ಹೊಸಕೋಟೆ ರೇಷ್ಮೆ ಸೀರೆ ನೇಯುವವರ ಊರು. ಅಲ್ಲಿ ಒಮ್ಮೆ ಹಿರಿಯ ನೇಕಾರರೊಬ್ಬರ ಮಗ್ಗದ ಪಕ್ಕ ಕುಳಿತಿದ್ದಾಗ, ಇನ್ನಷ್ಟು ಬೇಗ ನೇಯಲಾಗದೇ ಎಂದು ಕೇಳಿದೆ. ‘ಆಗುತ್ತೆ ಸ್ವಾಮಿ, ಆದರೆ ಎಳೆ ತಾಳಬೇಕಲ್ಲ’ ಎಂದರು. ಸಂಗೀತದ ಲಯವನ್ನು ಕುರಿತು ಯೋಚಿಸುವಾಗಲೆಲ್ಲ ಆ ಮಾತು ನನಗೆ ನೆನಪಾಗುತ್ತದೆ. ಬೇಥೋವನ್‌ನ ಒಂಬತ್ತನೆಯ ಸಿಂಫನಿಯ ಒಂದು ಹಳೆಯ ಧ್ವನಿಮುದ್ರಿಕೆಯನ್ನು ಈಚೆಗೆ ಮತ್ತೆ ಕೇಳಿದಾಗಲೂ ಹಾಗೆಯೇ ಆಯಿತು.

ಕಿವುಡನಾಗಿದ್ದ ಬೇಥೋವನ್‌ ರಚಿಸಿದ ಈ ಕೃತಿ 1824ರ ಮೇ 7ರಂದು ವಿಯೆನ್ನಾದಲ್ಲಿ ಮೊದಲ ಬಾರಿಗೆ ಕೇಳಿಬಂತು. ಮೊದಲ ಮೂರು ಭಾಗಗಳಲ್ಲಿ ವಾದ್ಯಗಳು ಮಾತ್ರ. ಕೊನೆಯ ಭಾಗದಲ್ಲಿ ಗಾಯಕವೃಂದವು ಷಿಲ್ಲರ್ ಕವಿಯ ಹರ್ಷದ ಪದ್ಯವನ್ನು ಹಾಡುತ್ತದೆ. ನಾನು ಹೇಳುತ್ತಿರುವ ಮುದ್ರಿಕೆಯನ್ನು ಲಂಡನ್ನಿನ ಫಿಲ್ಹಾರ್ಮೋನಿಯಾ ವಾದ್ಯವೃಂದವು ಒಟ್ಟೊ ಕ್ಲೆಂಪರರ್‌ ನಿರ್ದೇಶನದಲ್ಲಿ 1957ರಲ್ಲಿ ಮಾಡಿತು. ಅದರ ಗಾಯಕವೃಂದವನ್ನು ಅದೇ ವರ್ಷ ಕಟ್ಟಲಾಗಿತ್ತು.

ಈ ವಾದ್ಯವೃಂದಕ್ಕೂ ನಮ್ಮ ನಾಡಿಗೂ ಒಂದು ನಂಟಿದೆ. 1945ರಲ್ಲಿ ವಾಲ್ಟರ್ ಲೆಗ್ ಅದನ್ನು ಸ್ಥಾಪಿಸಿದರು. ಮುಂದೆ ಹಣದ ಮುಗ್ಗಟ್ಟು ಬಂದಾಗ ಕೈ ಹಿಡಿದವರು ಮೈಸೂರಿನ ಜಯಚಾಮರಾಜ ಒಡೆಯರು. ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ಅವರು ಪಿಯಾನೊ ಬಲ್ಲವರೂ ಆಗಿದ್ದರು. ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ. 1957ರ ಹೊತ್ತಿಗೆ ಆ ನೆರವು ನಿಂತಿತ್ತು. ಆದರೂ ಆ ವೃಂದ ಕಷ್ಟಕಾಲವನ್ನು ದಾಟಿದ್ದರಲ್ಲಿ ಮೈಸೂರಿನ ಪಾಲಿದೆ.

ಗುರುಮಠದ ದಿನಗಳಲ್ಲಿ ಈ ಮುದ್ರಿಕೆ ನನಗೆ ಹಿಡಿಸಿರಲಿಲ್ಲ. ತೀರ ನಿಧಾನ, ಕಲ್ಲು ಹೊತ್ತು ಮೆಟ್ಟಿಲು ಹತ್ತಿದಂತೆ ಎನಿಸುತ್ತಿತ್ತು. ಆ ದೂರು ಪೂರ್ತಿ ಸುಳ್ಳಲ್ಲ. ಎರಡನೆಯ ಭಾಗ ಕುಣಿಯಬೇಕು; ಇಲ್ಲಿ ಅದು ಕಾಲೂರಿ ನಡೆಯುತ್ತದೆ. ಬೇಥೋವನ್‌ ಬರೆದಿಟ್ಟ ಮೆಟ್ರೊನೋಮ್ ಅಂಕಿಯನ್ನು ಮುಟ್ಟುವುದೇ ಇಲ್ಲ. ಆದರೆ ಮೂರನೆಯ ಭಾಗವಾದ ಅಡಾಜಿಯೊವನ್ನು ಗಮನಿಸಿ. ಫುರ್ಟ್‌ವೆಂಗ್ಲರ್ 1951ರಲ್ಲಿ ಬೈರೂಯ್ಟ್‌ನಲ್ಲಿ ಅದಕ್ಕೆ ಹತ್ತೊಂಬತ್ತು ನಿಮಿಷಕ್ಕೂ ಹೆಚ್ಚು ತೆಗೆದುಕೊಂಡರು; ಕ್ಲೆಂಪರರ್‌ ಸುಮಾರು ಹದಿನೈದರಲ್ಲಿ ಮುಗಿಸುತ್ತಾರೆ. ಎಲ್ಲರೂ ಕಣ್ಣೀರಿಗಾಗಿ ನಿಲ್ಲುವಲ್ಲಿ ಅವರು ನಿಲ್ಲದೆ ಮುಂದೆ ನಡೆಯುತ್ತಾರೆ. ಹಾಗಾದರೆ ಇವರದು ಬರಿಯ ನಿಧಾನವಲ್ಲ. ಒಂದೇ ಹೆಜ್ಜೆಯಲ್ಲಿ ಇಡೀ ದಾರಿಯನ್ನು ಕ್ರಮಿಸುವ ಹಟ.

ಇನ್ನು ಶ್ರುತಿಯ ಮಾತು. ಈ ಸಿಂಫನಿ ಡಿ ಮೈನರ್‌ನಲ್ಲಿ ಆರಂಭವಾಗಿ ಡಿ ಮೇಜರ್‌ನಲ್ಲಿ ಮುಗಿಯುತ್ತದೆ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಷಡ್ಜ ಬದಲಾಗುವುದಿಲ್ಲ. ನಟಭೈರವಿಯ ನೆರಳಿನಿಂದ ಶಂಕರಾಭರಣದ ಬೆಳಕಿಗೆ ಬಂದಂತೆ ಮುಖ್ಯವಾಗಿ ಗಾಂಧಾರ ಬದಲಾಗುತ್ತದೆ. ತೊಡಗುವಾಗಲಂತೂ ಗಾಂಧಾರವೇ ಇಲ್ಲ. ತಂಬೂರಿ ಮೀಟಿದಂತೆ ಬರಿಯ ಷಡ್ಜ–ಪಂಚಮದ ಅಂತರ. ಇದು ದುಃಖವೋ ಸಂತೋಷವೋ ತಿಳಿಯದು. ಮೊದಲ ಭಾಗದ ನಡುವೆ ಆ ಆರಂಭವೇ ಮರಳಿ ಬರುವಾಗ ಮೇಜರ್ ಸ್ವರಗಳಲ್ಲಿ ಸಿಡಿಯುತ್ತದೆ, ಭೇರಿಗಳು ಗುಡುಗುತ್ತವೆ. ಬೆಳಕಿನ ಸ್ವರಗಳೇ, ಆದರೆ ಅಲ್ಲಿರುವುದು ಭಯ. ಕ್ಲೆಂಪರರ್‌ ಅವಸರಪಡದ ಕಾರಣ ಆ ಭಯ ಪೂರ್ತಿಯಾಗಿ ಕೇಳುತ್ತದೆ. ಶ್ರುತಿಯೊಂದೇ ಹರ್ಷವನ್ನು ತಾರದು ಎಂಬುದನ್ನು ಬೇಥೋವನ್‌ ಇಲ್ಲಿಯೇ ಹೇಳಿಬಿಟ್ಟಿದ್ದಾನೆ.

ಹರ್ಷ ನಿಜವಾಗಿ ಬರುವುದು ಕೊನೆಯ ಭಾಗದಲ್ಲಿ, ಅದೂ ಮೆಲ್ಲನೆ. ದೊಡ್ಡ ತಂತಿವಾದ್ಯಗಳು ತಗ್ಗು ದನಿಯಲ್ಲಿ ಆ ಮಟ್ಟನ್ನು ನುಡಿಸುತ್ತವೆ. ಸರಿಗಮಪ ಎಂಬ ಐದೇ ಸ್ವರಗಳು, ನಡುವೆ ಮಾತ್ರ ಒಂದು ಮಂದ್ರ ಪಂಚಮ. ಹೆಚ್ಚಾಗಿ ಪಕ್ಕದ ಸ್ವರದಿಂದ ಪಕ್ಕದ ಸ್ವರಕ್ಕೆ ನಡೆಯುವ ಅದನ್ನು ಯಾವ ಮಗುವೂ ಹಾಡಬಲ್ಲದು. ಮುಂದೆ ಪುರುಷರ ದನಿಯೂ ಟ್ರಂಬೋನ್‌ಗಳೂ ಸೇರಿ ಹಳೆಯ ಗ್ರೆಗೋರಿಯನ್ ಗಾನವನ್ನು ನೆನಪಿಸುವಾಗ ಈ ಮುದ್ರಿಕೆಯ ಗಾಂಭೀರ್ಯಕ್ಕೆ ಸಾಟಿಯಿಲ್ಲ. ತೀರ ಕೊನೆಯ ಓಟದಲ್ಲಿ ಮಾತ್ರ ಲಗಾಮು ಸ್ವಲ್ಪ ಸಡಿಲಬೇಕಿತ್ತು.

ಅದನ್ನು ನಿರ್ದೇಶಿಸಿದವರಿಗೆ ಆಗ 72 ವರ್ಷ. ಯೆಹೂದಿ ಮನೆತನದಲ್ಲಿ ಹುಟ್ಟಿದ ಅವರು 1933ರಲ್ಲಿ ಜರ್ಮನಿಯನ್ನು ತೊರೆಯಬೇಕಾಯಿತು. 1939ರಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆಯಾಗಿ ದೇಹದ ಒಂದು ಪಾರ್ಶ್ವ ಸೋತಿತು. 1951ರಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು. ಬಳಿಕ ಕುಳಿತೇ ನಿರ್ದೇಶಿಸುತ್ತಿದ್ದರು. ಇಂಥವರು ಹರ್ಷವನ್ನು ಕುರಿತು ಹೇಳುವಾಗ ಅದು ಅಗ್ಗದ ಮಾತಾಗದು.

ಇದನ್ನೆಲ್ಲ ಬರೆಯಲು ಕಾರಣವೊಂದಿದೆ. ಒಂದು ಪಾಸ್ಖ ಹಬ್ಬದಂದು ಹಾಡುಗಳು ಸಪ್ಪೆಯಾಗಬಾರದೆಂದು ಗಾನವೃಂದಕ್ಕೆ ವೇಗ ಹೆಚ್ಚಿಸಲು ಹೇಳಿದವನು ನಾನೇ. ಕೀಬೋರ್ಡಿನ ತಾಳ ಓಡಿತು, ಯುವಕರು ಚಪ್ಪಾಳೆ ತಟ್ಟಿದರು. ಆ ತಪಸ್ಸು ಕಾಲದಲ್ಲಿ ಮಗನನ್ನು ಮಣ್ಣು ಮಾಡಿದ್ದ ತಾಯಿಯೊಬ್ಬರು ಎರಡು ಸಾಲು ಹಾಡಲು ಯತ್ನಿಸಿ, ಪುಸ್ತಕ ಮುಚ್ಚಿ ಕುಳಿತರು. ಬಲಿಪೀಠದಿಂದ ನಾನದನ್ನು ಕಂಡೆ. ಪುನರುತ್ಥಾನದ ಹಾಡು ಎಲ್ಲರಿಗಿಂತ ಹೆಚ್ಚಾಗಿ ಬೇಕಾಗಿದ್ದುದು ಅವರಿಗೇ. ನಮ್ಮ ವೇಗಕ್ಕೆ ಅವರ ಎಳೆ ತಾಳಲಿಲ್ಲ.

ವೇಗದ ಹಾಡು ಬೇಡವೆಂದಲ್ಲ, ಮಕ್ಕಳಿಗೆ ಕುಣಿತವೂ ಬೇಕು. ಆದರೆ ಈಗ ಹಬ್ಬದ ಹಿಂದಿನ ಅಭ್ಯಾಸದಲ್ಲಿ ಗಾನವೃಂದದವರಿಗೆ ನಾನು ಒಂದು ಮಾತನ್ನು ಹೇಳುತ್ತೇನೆ: ಮೊದಲ ಚರಣವನ್ನು ಮೆಲ್ಲನೆ, ತಗ್ಗು ದನಿಯಲ್ಲಿ ಎತ್ತಿಕೊಳ್ಳಿ, ಹಿಂದಿನ ಬೆಂಚಿನಲ್ಲಿ ಕುಳಿತವರು ಬಂದು ಸೇರುವಷ್ಟು ಹೊತ್ತು ಕೊಡಿ.